ಬಿಸಿಲು ಬಿದ್ದ ಪರದೆ

ನಾನು ಮೂರು ಮಡಿಕೆಯ ಒಂದು ಪರದೆ. ಕಬ್ಬಿಣದ ಕೊಳವೆ ನನ್ನ ಎಲುಬು, ಹಸಿರು ಬಟ್ಟೆ ನನ್ನ ಮೈ. ಗದಗಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹುಟ್ಟಿದೆ. ಕಾಲಿಗೆ ಗಾಲಿ ಕೂರಿಸಿದವನು ಒಂದನ್ನು ಸೊಟ್ಟಗೆ ಕೂರಿಸಿದ. ಅಂದಿನಿಂದ ನನ್ನನ್ನು ಎಳೆದಾಗಲೆಲ್ಲ ಕಿರ್ರೆನ್ನುತ್ತೇನೆ.

ಮೊದಲು ಹೋದದ್ದು ಸರ್ಕಾರಿ ದವಾಖಾನೆಗೆ. ಡಾಕ್ಟರಮ್ಮ ನೋಡುವಾಗ ಹೆಂಗಸರು ನನ್ನ ಮರೆಯಲ್ಲಿ ಸೀರೆ ಸಡಿಲಿಸಿ ಮಲಗುತ್ತಿದ್ದರು. ಒಗೆದೂ ಒಗೆದೂ ನನ್ನ ಹಸಿರು ಬೂದಿ ಬಣ್ಣಕ್ಕೆ ತಿರುಗಿತು, ಬಟ್ಟೆ ತೆಳ್ಳಗಾಯಿತು. ಅಲ್ಲಿಗೆ ಹೊಸದು ಬಂದ ಮೇಲೆ ನನ್ನನ್ನು ಕೋರ್ಟಿಗೆ ಕಳಿಸಿದರು. ಕೆಟ್ಟ ಕೈ ಸೋಕಿದ ಮಕ್ಕಳು ಸಾಕ್ಷಿ ಹೇಳುವಾಗ ಆ ಕೈಯವನ ಮುಖ ಅವರಿಗೆ ಕಾಣಬಾರದು. ಅದಕ್ಕೆ ನಡುವೆ ನಾನು.

ಕೆಲಸವಿಲ್ಲದ ದಿನ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ಗೋಡೆಗೆ ಒರಗಿರುತ್ತಿದ್ದೆ. ಅಲ್ಲಿಗೆ ಒಂದು ದಿನ ನೀಲಾಂಬಿಕಾ ಬಂದಳು. ಜೊತೆಗೆ ತಾಯಿ ಬಾಳವ್ವ, ಕಂಕುಳಲ್ಲಿ ಮಡಿಚಿದ ಕೌದಿ. ನಮ್ಮ ಕಡೆ ಕೋರ್ಟಿಗೆ ಬರುವವರು ರೊಟ್ಟಿಯ ಬುತ್ತಿ ತರುತ್ತಾರೆ, ಹಾಸಿಕೊಳ್ಳಲು ಹಳೆ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯನ್ನೂ ತರುತ್ತಾರೆ. ಒಳಗೆ ಕರೆಯುವುದು ಯಾವಾಗಲೋ ಯಾರಿಗೆ ಗೊತ್ತು.

ವಕೀಲೆ ರಿಹಾನಾ ಬಾಗಿಲು ಎಳೆದು ಮುಚ್ಚಿದರು. ನೀಲಾ ತಡವರಿಸುತ್ತ ಹೇಳಿದಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಭಜನೆ ಕಲಿಸುವ ಮಾಸ್ತರ ಅವಳನ್ನು ಕೆಡಿಸಿದ್ದ. ಈಗ ಅಕ್ಕನ ಮಗಳನ್ನೂ ಅವನ ಹತ್ತಿರವೇ ಹಾಡು ಕಲಿಯಲು ಕಳಿಸುತ್ತಾರೆಂದು ಕೇಳಿ, ತಡೆಯಲಾರದೆ ಎದ್ದು ಬಂದಿದ್ದಳು.

"ಹತ್ತ ವರ್ಷದ ಮ್ಯಾಲಾತ್ರಿ. ಈಗ ಹೇಳಿದ್ರ ಯಾರ ನಂಬತಾರ?"

"ತಡಾ ಆತಂತ ಕೋರ್ಟಿನ ಬಾಗಲಾ ಮುಚ್ಚೂದಿಲ್ಲವಾ," ಎಂದರು ರಿಹಾನಾ.

ಇಂಥ ದೊಡ್ಡ ಅಪರಾಧಕ್ಕೆ ದೂರು ಕೊಡಲು ಗಡುವು ಇಲ್ಲವಂತೆ. ಯಾವ ಠಾಣೆಯಲ್ಲಾದರೂ ಕೊಡಬಹುದಂತೆ, ಹೇಳಿಕೆ ಬರೆದುಕೊಳ್ಳುವವರು ಹೆಂಗಸೇ ಅಂತೆ. ಹೆಸರು ಪೇಪರಿನಲ್ಲಿ ಬರುವಂತಿಲ್ಲ, ವಕೀಲರಿಗೆ ಕೊಡುವುದು ಏನೂ ಇಲ್ಲ, ಪರಿಹಾರವನ್ನೂ ಕೇಳಬಹುದು. ಕಹಿಯನ್ನೂ ಅವರು ಮುಚ್ಚಿಡಲಿಲ್ಲ. ಹಳೆಯ ಸಂಗತಿ, ಗುರುತು ಉಳಿದಿಲ್ಲ, ಎಲ್ಲ ಭಾರ ಅವಳ ಮಾತಿನ ಮೇಲೇ. ಕೋರ್ಟಿನಲ್ಲಿ ಬಾಯಿ ಕಟ್ಟಿದರೆ ಅವನು ಹೊರಗೆ ನಡೆದುಹೋಗುತ್ತಾನೆ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಬಾಳವ್ವ ಬಾಯಿ ಬಿಟ್ಟಳು. "ಇಕಿ ಅವತ್ತ ಹೇಳಿದ್ಳರೀ. ನಾನ ಬಾಯಿ ಮುಚ್ಚಸಿದೆ."

ದೂರು ಕೊಟ್ಟರು. ಅಕ್ಕ ಮಗಳನ್ನು ಹಾಡಿನಿಂದ ಬಿಡಿಸಿದಳು. ಮಾಸ್ತರನ ಮಂದಿ ಮಾತ್ರ ಬಾಳವ್ವನನ್ನು ಕಂಡಾಗಲೆಲ್ಲ, ಮಗಳಿಗೆ ಗಂಡು ಸಿಗಲಿಲ್ಲವೇನು, ಕೋರ್ಟಿಗೆ ಕೊಟ್ಟೆಯೇನು ಎಂದು ಹಂಗಿಸುತ್ತಿದ್ದರಂತೆ. ಹಾಗೇ ದಿನ ಹೋಗಿ ವಿಚಾರಣೆ ಬಂತು. ನೀಲಾ ಈಗ ದೊಡ್ಡವಳಾಗಿದ್ದರೂ ಜಡ್ಜಮ್ಮ ಪರದೆ ಇಡಲು ಹೇಳಿದರು, ಬೇರೆಯವರನ್ನೆಲ್ಲ ಹೊರಗೆ ಕಳಿಸಿದರು. ಬಾಳವ್ವ ಪಡಸಾಲೆಯಲ್ಲಿ ಕೌದಿ ಹಾಸಿ ಕುಳಿತಳು.

ಅಲ್ಲಿ ಒಂದು ತಪ್ಪಾಯಿತು. ಮಕ್ಕಳ ಸಾಕ್ಷಿ ಯಾವಾಗಲೂ ಮುಂಜಾನೆ ಆಗುತ್ತಿತ್ತು. ನೀಲಾಳ ಸರದಿ ಬಂದದ್ದು ಊಟದ ಮೇಲೆ. ಮಾಸ್ತರ ನಿಂತ ಕಡೆ ಪಡುವಣ ಕಿಟಕಿ. ಇಳಿಬಿಸಿಲು ಅವನ ಬೆನ್ನಿಗೆ ಬಿದ್ದು ಅವನ ನೆರಳು ನನ್ನ ತೆಳು ಬಟ್ಟೆಯ ಮೇಲೆ ಮೂಡಿತು. ಅವನು ಕಟಕಟೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಆ ಬೆರಳುಗಳೂ ಮೂಡಿದವು. ನೀಲಾ ಹೆಸರು ಹೇಳಿದಳು, ಊರು ಹೇಳಿದಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ನಿಂತಿತು. ಮಾತೂ ನಿಂತಿತು. ಮರೆಯಾಗಲೆಂದೇ ಹುಟ್ಟಿದ ನಾನು ಅವನನ್ನು ಇನ್ನಷ್ಟು ದೊಡ್ಡದಾಗಿ ತೋರಿಸುತ್ತಿದ್ದೆ.

ಜಡ್ಜಮ್ಮ ಏನಾಯಿತೆಂದು ಮೆಲ್ಲಗೆ ಕೇಳಿದರು. ನೀಲಾ ಬೆರಳು ಮಾಡಿ ನನ್ನನ್ನು ತೋರಿಸಿದಳಷ್ಟೇ. ಅವಳ ಪಕ್ಕಕ್ಕೆ ಬಂದು ನಿಂತು ನೋಡಿದ ರಿಹಾನಾ ಜಡ್ಜಮ್ಮನ ಅಪ್ಪಣೆ ಪಡೆದು ಹೊರಗೆ ಓಡಿದರು. ಬಾಗಿಲು ಅರ್ಧ ತೆರೆದಿತ್ತು, ಪರದೆಯ ಮೇಲೆ ಅವನ ನೆರಳು ಬಿದ್ದಿದೆ, ಕೌದಿ ಬೇಕು ಎಂದದ್ದು ನನಗೆ ಕೇಳಿಸಿತು. ಬಾಳವ್ವ ಕೌದಿಯಿಂದ ಎದ್ದು, ಧೂಳು ಝಾಡಿಸಿ ಕೊಟ್ಟಳು.

"ತಗೋರಿ. ಈ ಸಲ ಅವನ್ನ ಮುಚ್ಚರಿ."

ಕೌದಿಯನ್ನು ನನ್ನ ಮೇಲೆ ಹೊದಿಸಿದರು. ಭಾರಕ್ಕೆ ಎಲುಬು ಬಾಗಿತು, ಆದರೂ ನಿಂತೆ. ನೆರಳು ಅಳಿಸಿಹೋಯಿತು. ನೀಲಾ ಕೈ ಚಾಚಿ ಕೌದಿಯಲ್ಲಿದ್ದ ತನ್ನ ಅಜ್ಜಿಯ ಸೀರೆಯ ತುಂಡೊಂದನ್ನು ಹಿಡಿದುಕೊಂಡಳು. ಹೇಳಿದಳು. ಎಲ್ಲ ಹೇಳಿದಳು.

ಅವನ ವಕೀಲರು, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೆದಕಿದರು.

"ಸುಮ್ನ ಇದ್ದಿಲ್ಲರೀ. ಹೇಳಿದ್ದೆ. ಕೇಳವ್ರು ಇದ್ದಿದ್ದಿಲ್ಲ. ಇವತ್ತ ಅದಾರ."

ನನಗೆ ಎರಡು ಮೈ. ಒಂದರ ಕಡೆ ಅವಳು, ಇನ್ನೊಂದರ ಕಡೆ ಅವನು. ಇಬ್ಬರನ್ನೂ ಹತ್ತಿರದಿಂದ ಕಂಡವನು ನಾನು. ಆ ಮಾತು ಬಂದಾಗ ತಾಳ ಹಾಕುತ್ತಿದ್ದ ಬೆರಳು ನಿಂತುಬಿಟ್ಟಿತು.

ಅವನಿಗೆ ಜೈಲು ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿದ್ದಾನಂತೆ, ಹೋಗಲಿ. ತೀರ್ಪಿನ ಮೇಲೆ ಬಾಳವ್ವ ಬಂದು ಪಡಸಾಲೆಯಲ್ಲಿ ಕುಳಿತು ಆ ಕೌದಿಯನ್ನು ನನ್ನ ಮೈಗೇ ಹೊಲಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಅವರ ಮನೆಯಲ್ಲಿ ಮೂಲೆಗೆ ಚಪಾತಿಯ ಚೂರು ಇಟ್ಟು ಹೊಲಿಯುತ್ತಾರೆ. ನನಗೂ ಇಟ್ಟಳು.

"ಇಲಿ ಬರತಾವ ಯವ್ವಾ," ಎಂದ ಜವಾನ.

"ಬರಲಿ, ಅವಕ್ಕೂ ಹೊಟ್ಟಿ ಐತಿ," ಎಂದಳು ಬಾಳವ್ವ.

ಈಗ ನನಗೆ ಮುಪ್ಪು. ಸಾಕ್ಷಿ ಹೇಳಲು ಟಿವಿ ಇರುವ ಬೇರೆ ಕೋಣೆಯಾಗಿದೆ, ಮಕ್ಕಳು ಅಲ್ಲೇ ಕುಳಿತು ಟಿವಿಯ ಮೂಲಕ ಜಡ್ಜರಿಗೆ ಹೇಳುತ್ತಾರೆ. ನಾನಿರುವುದು ಅದರ ಪಕ್ಕದಲ್ಲಿ, ಮಕ್ಕಳು ಕಾಯುವ ಕೋಣೆಯ ಮೂಲೆಯಲ್ಲಿ. ನನ್ನ ಹಿಂದೆ ಅವರು ಕಣ್ಣಾಮುಚ್ಚಾಲೆ ಆಡುತ್ತಾರೆ. ಹೆದರಿದ ಹುಡುಗಿಯರ ಜೊತೆ ಕೂರಲು ನೀಲಾ ಬರುತ್ತಾಳೆ. ಯಾವುದಾದರೂ ಮಗು ಟಿವಿಗೂ ಅಂಜಿ ಅತ್ತರೆ ನನ್ನನ್ನು ಮತ್ತೆ ಕೋರ್ಟಿನೊಳಕ್ಕೆ ಎಳೆದು ತರುತ್ತಾಳೆ. ಆಗ ಅವಳು ಮೊದಲು ನೋಡುವುದು ಕಿಟಕಿಯನ್ನು, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು. ಆಮೇಲೆ ನನ್ನನ್ನು ತಿರುಗಿಸುತ್ತಾಳೆ. ನಾನು ಕಿರ್ರೆನ್ನುತ್ತೇನೆ. ಆ ಸದ್ದಿಗೆ ಮಗು ಒಮ್ಮೊಮ್ಮೆ ನಗುತ್ತದೆ.