ಮುದ್ದೆಮಾಲು ನಂಬರ್ ಮೂರು

ನಾನು ಒಂದು ಕತ್ತರಿ. ದರ್ಜಿಯ ದೊಡ್ಡ ಕತ್ತರಿ. ಹಾಲಿನ ಪಾಕೀಟಿನ ಮೂಲೆ ಕತ್ತರಿಸುವ ಪುಟಾಣಿಗಳ ಜೊತೆ ನನ್ನನ್ನು ಸೇರಿಸಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಾನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ನೀವು ಇದನ್ನು ಯಾಕೆ ಓದುತ್ತಿದ್ದೀರಿ ಎಂಬ ಬಗ್ಗೆಯೂ ನನಗೆ ಈಗಲೇ ಸಣ್ಣದೊಂದು ಅನುಮಾನವಿದೆ.

ಹಳೆಯ ಲಾರಿಯೊಂದರ ಕಮಾನುಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಕಮ್ಮಾರನೊಬ್ಬ ನನ್ನನ್ನು ಮಾಡಿದ. ಎರಡು ಅಲಗು, ನಡುವೆ ಒಂದು ತಿರುಪು. ವಾರದ ಸಂತೆಯಲ್ಲಿ ನನ್ನನ್ನು ಕೊಂಡವನು ಏಕನಾಥ ಪಿಸೆ. ಮಲಪ್ರಭೆಯ ಈಚೆ ದಂಡೆಯ ಸಣ್ಣ ಪೇಟೆಯಲ್ಲಿ ಅವನ ಹೊಲಿಗೆ ಅಂಗಡಿ ಇತ್ತು. ಅಳತೆ ತೆಗೆಯುವಾಗ ಅವನು ಗಿರಾಕಿಯನ್ನು ಮಾತಿಗೆಳೆಯುತ್ತಿದ್ದ. ಮಳೆ ಬೆಳೆ, ಮಗಳ ಪರೀಕ್ಷೆ, ಮಾವನ ಮೊಣಕಾಲು ನೋವು, ಏನಾದರೊಂದು. ಮಾತಾಡುತ್ತ ಮಾತಾಡುತ್ತ ಗಿರಾಕಿ ಹೊಟ್ಟೆ ಸಡಿಲ ಬಿಡುತ್ತಿದ್ದ, ಏಕನಾಥ ಆಗ ಟೇಪು ಸುತ್ತುತ್ತಿದ್ದ. ಅವನ ಅಂಗಿಗಳು ಯಾರ ಹೊಟ್ಟೆಯನ್ನೂ ಬಿಗಿಯುತ್ತಿರಲಿಲ್ಲ. ಹನ್ನೊಂದು ವರ್ಷ ನಾವಿಬ್ಬರೂ ಸುಖವಾಗಿದ್ದೆವು.

ಖಂಡೆ ಪೂಜೆ, ಎಂದರೆ ದಸರೆಯ ಆಯುಧಪೂಜೆಯ ದಿನ ನನಗೆ ರಜೆ. ಏಕನಾಥನ ಹೆಂಡತಿ ರುಕ್ಮಾಬಾಯಿ ನನ್ನನ್ನು ತೊಳೆದು, ಮಷಿನ್ನಿನ ಪಕ್ಕ ದೇವರ ಫೋಟೋದ ಮುಂದೆ ಇಟ್ಟು, ಕುಂಕುಮದ ನೀರು ಬಳಿದು, ಚೆಂಡುಹೂ ಏರಿಸುತ್ತಿದ್ದಳು. ಮರುದಿನ ಬನ್ನಿ ಹಂಚುವವರೆಗೆ ನನ್ನನ್ನು ಯಾರೂ ಮುಟ್ಟುವಂತಿಲ್ಲ. ಅಂಥ ಒಂದು ಖಂಡೆ ಪೂಜೆಯ ಮಧ್ಯಾಹ್ನ, ಎದುರಿನ ಬಟ್ಟೆ ಅಂಗಡಿಯ ಚನ್ನವೀರಪ್ಪ ತನ್ನ ಗೋದಾಮಿನಲ್ಲಿ ಇರಿತಕ್ಕೆ ಸಿಕ್ಕು ಸತ್ತು ಬಿದ್ದಿದ್ದ. ಹಿಂದಿನ ದಿನವಷ್ಟೇ, ಅವನು ಕೊಟ್ಟ ಬಟ್ಟೆ ಅಳತೆಗೆ ಕಡಿಮೆ ಬಂತೆಂದು ಏಕನಾಥ ಅವನೊಡನೆ ಬೀದಿಯಲ್ಲಿ ಜಗಳವಾಡಿದ್ದ. ಇಡೀ ಪೇಟೆ ನಿಂತು ಅದನ್ನು ನೋಡಿತ್ತು.

ಪೊಲೀಸರು ಬಂದಾಗ ನಾನು ಹೂವಿನ ಕೆಳಗೆ ಕೆಂಪಗೆ ಕೂತಿದ್ದೆ. ಒಬ್ಬ ಸಾಹೇಬ ಕೈ ಚಾಚಿದ. ಏಕನಾಥ ಅಡ್ಡ ಬಂದ.

"ಮುಟ್ಟಬ್ಯಾಡ್ರಿ ಸಾಹೇಬ್ರ, ಇವತ್ತ ಅದನ್ನ ಮುಟ್ಟೂಹಂಗಿಲ್ಲ."

ಆ ಒಂದು ಮಾತೇ ಅವನನ್ನು ಮುಳುಗಿಸಿತು. 'ಆರೋಪಿಯು ಆಯುಧವನ್ನು ಒಪ್ಪಿಸಲು ನಿರಾಕರಿಸಿದನು' ಎಂದು ಅದು ಕಾಗದದ ಮೇಲೆ ಇಳಿಯಿತು. ಕುಂಕುಮ 'ರಕ್ತದಂಥ ಕಲೆ'ಯಾಯಿತು. ಚಹಾದಂಗಡಿಯಿಂದ ಕರೆತಂದ ಇಬ್ಬರು ಪಂಚರು ಓದದೆ ಸಹಿ ಹಾಕಿ, ಅರ್ಧಕ್ಕೆ ಬಿಟ್ಟ ಚಹಾ ಕುಡಿಯಲು ಓಡಿದರು. ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿ ಕಟ್ಟಿದರು. ಮುದ್ದೆಮಾಲು ಎಂದರೆ ಕೋರ್ಟಿನ ಮುಂದೆ ಸಾಕ್ಷಿಯಾಗಿ ಇಡುವ ವಸ್ತು. ಮೊದಲನೆಯದು ಚನ್ನವೀರಪ್ಪನ ಅಂಗಿ, ಎರಡನೆಯದು ಅವನ ಧೋತರ, ಮೂರನೆಯದು ನಾನು. ಏಕನಾಥನಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಂದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವಲ್ಲ ಎಂಬುದಷ್ಟು ಗೊತ್ತು.

ಏಳು ವರ್ಷ ಮುದ್ದೆಮಾಲಿನ ಕೋಣೆಯಲ್ಲಿ ಬಿದ್ದಿದ್ದೆ. ಅಕ್ಕಪಕ್ಕದಲ್ಲಿ ಕೊಡಲಿ, ಸೈಕಲ್ಲಿನ ಚೈನು, ಸುಟ್ಟ ಸೀರೆ. ಎಲ್ಲವೂ ತಾವು ನಿರಪರಾಧಿ ಎನ್ನುತ್ತಿದ್ದವು. ನಾನು ಒಂದನ್ನೂ ನಂಬಲಿಲ್ಲ. ಅವೂ ನನ್ನನ್ನು ನಂಬಿರಲಾರವು.

ಏಳನೆಯ ವರ್ಷ ಒಬ್ಬ ವಕೀಲೆ ಬಂದಳು, ಮೀನಾಕ್ಷಿ ಹೂಗಾರ. ಜೈಲಿನಲ್ಲಿರುವ ಬಡವರ ಪರವಾಗಿ ಮೇಲ್ಮನವಿ ನಡೆಸಲು ಕಾನೂನು ನೆರವಿನವರು ಅವಳನ್ನು ಗೊತ್ತು ಮಾಡಿದ್ದರು. ಅನುಮತಿ ಪಡೆದು, ಕೋರ್ಟಿನ ಗುಮಾಸ್ತನ ಎದುರು ನನ್ನ ಗಂಟು ಬಿಚ್ಚಿಸಿದಳು. ಇವಳಿಗೇನು ಬೇಕಾಗಿದೆಯೋ ಎಂದುಕೊಂಡೆ. ಅವಳು ಬಾಗಿ ನನ್ನ ತಿರುಪಿನ ಸಂದಿಯನ್ನೇ ದಿಟ್ಟಿಸಿದಳು. ಅಲ್ಲಿ ಒಣಗಿದ ಒಂದು ಎಸಳು ಸಿಕ್ಕಿಕೊಂಡಿತ್ತು.

"ಇದು ಚೆಂಡುಹೂವಿನ ಎಸಳರೀ," ಎಂದಳು ಗುಮಾಸ್ತನಿಗೆ. "ನಾವು ಹೂಗಾರ್ರು, ಖಂಡೆ ಪೂಜಿ ದಿನ ನಮ್ಮ ಮನಿ ಮಂದಿನ ಅಂಗಡಿ ಅಂಗಡಿಗೆ ಹೂ ಕೊಟ್ಟ ಬರ್ತಾರ. ಪೂಜಿಗಿಟ್ಟಿದ್ದನ್ನ ಎತ್ತಿಕೊಂಡು ಯಾಂವರ ಕೊಲಿ ಮಾಡಾಕ ಹೋಗ್ತಾನನ್ರಿ?"

ಆಮೇಲೆ ಫೈಲನ್ನು ಹಾಳೆ ಹಾಳೆಯಾಗಿ ತಿರುವಿದಳು. ಪ್ರಯೋಗಾಲಯದ ವರದಿ ಅದರಲ್ಲೇ ಇತ್ತು: ಕಲೆಯಲ್ಲಿರುವುದು ಅರಿಶಿನ ಮತ್ತು ಸುಣ್ಣ, ಅಂದರೆ ಕುಂಕುಮ; ರಕ್ತ ಇಲ್ಲ. ಅದನ್ನು ಯಾರೂ ಓದಿ ಹೇಳಿರಲಿಲ್ಲ. ಮೇಲಿನ ಕೋರ್ಟು ಏಕನಾಥನನ್ನು ಬಿಡುಗಡೆ ಮಾಡಿತು. ಕೆಲವು ತಿಂಗಳ ಮೇಲೆ, ಅವನ ಅರ್ಜಿಯಂತೆ ನನ್ನನ್ನೂ ಬಿಟ್ಟರು.

ಕಥೆ ಇಲ್ಲಿಗೆ ಮುಗಿಯಿತೆಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡು ಮೋಸ ಹೋದೆ.

ಅಂಗಡಿ ಕೈತಪ್ಪಿ ಹೋಗಿತ್ತು, ಏಕನಾಥ ಮನೆಯ ಕಟ್ಟೆಯ ಮೇಲೆ ಮಷಿನ್ನು ಇಟ್ಟು ಕೂತ. ಜನ ಬಂದರು, ಆದರೆ ಹತ್ತಿರ ಬರಲಿಲ್ಲ. ಹಳೆಯ ಅಂಗಿಯೊಂದನ್ನು ಹೊಸ ಬಟ್ಟೆಯ ಜೊತೆ ಕಟ್ಟೆಯ ತುದಿಗೆ ಇಟ್ಟು, "ಇದರ ಅಳತಿ ನೋಡಿ ಹೊಲದ ಬಿಡು ಏಕನಾಥಣ್ಣ, ಟೈಮಿಲ್ಲ" ಎಂದು ಹೋಗಿಬಿಡುತ್ತಿದ್ದರು. ಅವನು ಕತ್ತರಿ ಹಿಡಿದಿರುವಾಗ ಅವನ ಎದುರು ಕತ್ತೆತ್ತಿ ನಿಲ್ಲಲು ಒಬ್ಬರೂ ತಯಾರಿರಲಿಲ್ಲ. ಹೋಟೆಲಿನಲ್ಲಿ ಆಡಿಕೊಳ್ಳುತ್ತಿದ್ದುದು ಕಟ್ಟೆಗೂ ಕೇಳುತ್ತಿತ್ತು.

"ಸಂಶಯದ ಲಾಭ ಕೊಟ್ಟು ಬಿಟ್ಟಾರಂತ. ಅಂದ್ರ ಸಂಶಯ ಅದ ಅಂತಾತಲ್ಲ?"

ಏಕನಾಥನಿಗೆ ಬೇಕಿದ್ದುದು ಒಂದೇ. ಯಾರಾದರೊಬ್ಬರು ಅವನ ಮುಂದೆ ನಿಂತು ಮೈಯ ಅಳತೆ ಕೊಡಬೇಕು. ಅದು ಸಿಗದೆ ಅವನು ದಿನದಿನಕ್ಕೂ ಸಣ್ಣವನಾದ. ಬಾಗಿಲು ತೆರೆದೇ ಇದ್ದರೂ ಅದರ ಮುಂದೆ ನಿಂತು, ಯಾರೋ ಒಳಗೆ ಬಿಡುವುದನ್ನು ಕಾಯುತ್ತಿದ್ದ. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು.

ಮೀನಾಕ್ಷಿ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಜಿಲ್ಲಾ ಊರಿನಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಅವಳ ಕೋಣೆ. ಪ್ರತಿ ತಿಂಗಳ ಎರಡನೆಯ ಶನಿವಾರ ಅಲ್ಲಿಗೆ, ತಪ್ಪು ಮಾಡದೆ ಶಿಕ್ಷೆ ಅನುಭವಿಸಿ ಬಂದ ನಾಲ್ಕೈದು ಮಂದಿ ಸೇರುತ್ತಾರೆ, ಬನ್ನಿ ಎನ್ನುತ್ತಿದ್ದಳು. ಕೇಸು ಮುಗಿದ ಮೇಲೂ ಇವಳಿಗೇಕೆ ಇಷ್ಟು ಕಾಳಜಿ ಎಂದು ಏಕನಾಥನಿಗೆ ಅನುಮಾನ. ನನಗಂತೂ ಅನುಮಾನ ಇದ್ದೇ ಇತ್ತು. ಪೇಪರಿನವರಿಗೆ ಫೋಟೋ ಕೊಡಲು ಕರೆಯುತ್ತಿರಬೇಕು ಎಂದುಕೊಂಡೆ.

ಕೊನೆಗೆ ಅವನನ್ನು ಹೊರಡಿಸಿದ್ದು ರುಕ್ಮಾಬಾಯಿ. ಹೊರಡುವಾಗ ನನ್ನನ್ನು ಟವೆಲ್ಲಿನಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿದಳು. "ಇದು ಮನ್ಯಾಗ ಬ್ಯಾಡ್ರಿ. ಹಾದ್ಯಾಗ ಹೊಳಿಗೆ ಒಗದ ಹೋಗ್ರಿ," ಎಂದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಏಳು ವರ್ಷ ಅವಳು ನೋಡಿದ್ದು ಸಾಮಾನ್ಯವಲ್ಲ.

ಸೇತುವೆಯ ಮೇಲೆ ಏಕನಾಥ ಚೀಲಕ್ಕೆ ಕೈ ಹಾಕಿದ. ಆಚೆ ತುದಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಕೊಲೆ ಕೇಸಿನಿಂದ ಹೊರಬಂದವನು ಹಾಡಹಗಲೇ ಹೊಳೆಗೆ ಕತ್ತರಿ ಒಗೆಯುವುದನ್ನು ಅವರು ನೋಡಿದರೆ? ಆ ಯೋಚನೆ ನಮ್ಮಿಬ್ಬರಿಗೂ ಒಟ್ಟಿಗೇ ಬಂತೆಂದು ಕಾಣುತ್ತದೆ. ಅವನು ಚೀಲವನ್ನು ಎದೆಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದ. ಹೀಗೆ ನಾನು ಉಳಿದೆ.

ಕೋಣೆಯಲ್ಲಿ ಫೋಟೋದವರು ಯಾರೂ ಇರಲಿಲ್ಲ. ಮೀನಾಕ್ಷಿ ಪಡಿತರ ಚೀಟಿಗೆ ಮತ್ತೆ ಹೆಸರು ಸೇರಿಸುವ ಅರ್ಜಿ, ಮತದಾರರ ಪಟ್ಟಿಯ ಅರ್ಜಿ, ನಿದ್ದೆ ಬಾರದವರಿಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ಒಂದು ಪತ್ರ ಬರೆದಿಟ್ಟಿದ್ದಳು. ಏಕನಾಥ ಪ್ರತಿ ಕಾಗದವನ್ನೂ ಮೂರು ಸಲ ಓದಿ, ಹಿಂದುಮುಂದು ತಿರುಗಿಸಿ ಸಹಿ ಹಾಕಿದ. ಅವಳು ಬೇಸರಿಸದೆ ಕಾದಳು.

ಮೂಲೆಯಲ್ಲಿ ಫಕೀರಪ್ಪ ಎಂಬವನು ಕೂತಿದ್ದ. ಗೋದಾಮೊಂದಕ್ಕೆ ಬೆಂಕಿ ಹಚ್ಚಿದನೆಂದು ಐದು ವರ್ಷ ಒಳಗಿದ್ದು, ಹಚ್ಚಿಲ್ಲವೆಂದು ತೀರ್ಮಾನವಾಗಿ ಹೊರಬಂದವನು. ಒಳಗೆ ಹೋದ ದಿನ ತೊಟ್ಟಿದ್ದ ಬಟ್ಟೆಯನ್ನೇ ಬಿಡುವಾಗ ತಿರುಗಿ ಕೊಡುತ್ತಾರೆ. ಆ ಅಂಗಿ ಅವನ ಮೈಮೇಲೆ ಗೂಟಕ್ಕೆ ಸಿಕ್ಕಿಸಿದಂತೆ ಜೋತಾಡುತ್ತಿತ್ತು.

"ನೋಡ್ರಿ, ಇದರಾಗ ನನ್ನಂಥಾಂವ ಇನ್ನೊಬ್ಬಾಂವ ಹಿಡೀತಾನ," ಎಂದು ನಕ್ಕ. ಆಮೇಲೆ ಎದ್ದು ಏಕನಾಥನ ಎದುರು ನಿಂತ. "ನೀವು ಟೇಲರಂತಲ್ರೀ? ತಗೋರಿ ಅಳತಿ."

ಏಕನಾಥ ಒಂದು ಹೆಜ್ಜೆ ಹಿಂದೆ ಸರಿದ. "ನಾ ಯಾವ ಕೇಸಿನ್ಯಾಗ ಹೋಗಿದ್ದೆ ಗೊತ್ತದ ಏನ್ರಿ ನಿಮಗ?"

"ಗೊತ್ತದ. ತೋಳ ಸ್ವಲ್ಪ ಉದ್ದ ಇಡ್ರಿ."

ಟೇಪು ಇರಲಿಲ್ಲ. ಮೀನಾಕ್ಷಿ ಮುಗಿದ ಕೇಸಿನ ಕಟ್ಟೊಂದರಿಂದ ದಾರ ಬಿಚ್ಚಿ ಕೊಟ್ಟಳು. ಏಕನಾಥ ಆ ದಾರದಲ್ಲಿ ಫಕೀರಪ್ಪನ ಭುಜ, ಎದೆ, ತೋಳು ಅಳೆದು ಗಂಟು ಹಾಕುತ್ತಾ ಹೋದ. ಮೂರನೆಯ ಗಂಟಿಗೆ ಅವನ ಕಣ್ಣು ತುಂಬಿ ಬಂತು. ಅವನು ಒರೆಸಿಕೊಳ್ಳಲಿಲ್ಲ.

ಅಂದಿನಿಂದ ಎರಡನೆಯ ಶನಿವಾರಗಳಲ್ಲಿ ಅವನು ಅಲ್ಲಿಗೆ ಹೋಗಿ, ಹೊರಬಂದವರಿಗೆ ಅವರವರ ಈಗಿನ ಮೈಗೆ ಸರಿಯಾದ ಅಂಗಿ ಹೊಲಿದುಕೊಡತೊಡಗಿದ. ಬಟ್ಟೆ ಮೀನಾಕ್ಷಿ ಎಲ್ಲಿಂದಲೋ ತರುತ್ತಿದ್ದಳು. ಎಲ್ಲಿಂದ ಎಂದು ನನಗೆ ಈಗಲೂ ಕುತೂಹಲ. ಪೇಟೆಯಲ್ಲಿ ಕೆಲವರು ಮೆಲ್ಲಗೆ ಕಟ್ಟೆ ಹತ್ತಿದರು, ಕೆಲವರು ಇಂದಿಗೂ ಹಳೆ ಅಂಗಿಯನ್ನೇ ಇಟ್ಟು ಹೋಗುತ್ತಾರೆ. ಸಾಣೆ ಹಿಡಿದೂ ಹಿಡಿದೂ ನನ್ನ ಅಲಗು ಸವೆದಿದೆ. ಈಗ ನಾನು ಆ ಕೋಣೆಯ ಗೂಡಿನಲ್ಲೇ ಇರುತ್ತೇನೆ, ತಿಂಗಳಿಗೊಮ್ಮೆ ಕೆಲಸ.

ಹೋದ ತಿಂಗಳು ಯಮನೂರಪ್ಪ ಎಂಬ ನಲವತ್ತು ದಾಟಿದ ಮನುಷ್ಯ ಬಂದ. ಎಂಟು ವರ್ಷ ಒಳಗಿದ್ದವನು. ಬಾಗಿಲ ಹತ್ತಿರವೇ ಕೂತ, ಚಪ್ಪಲಿ ಬಿಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ, ಚಹಾ ಕೊಟ್ಟರೆ ಮೂಸಿ ನೋಡಿದ. ಅವನ ನೋಟ ನನಗೆ ಹಿಡಿಸಲಿಲ್ಲ. ಇವನು ನಿಜಕ್ಕೂ ಮಾಡಿರಬಹುದು, ಹೇಗೋ ತಪ್ಪಿಸಿಕೊಂಡು ಬಂದಿರಬಹುದು ಎಂದುಕೊಂಡೆ.

ಏಕನಾಥ ಟೇಪು ಹಿಡಿದು, "ಬರ್ರಿ, ಅಳತಿ ತಗೋತೀನಿ," ಎಂದ.

ಯಮನೂರಪ್ಪ ಎದ್ದ. ಗೋಡೆಯ ಕಡೆ ಮುಖ ಮಾಡಿದ. ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ನಿಂತ. ಎಂಟು ವರ್ಷ ದಿನವೂ ಅವನನ್ನು ತಡಕಿದ್ದು ಹಾಗೆಯೇ ಇರಬೇಕು.

ನನಗೆ ನಾಚಿಕೆಯಾಯಿತು. ಅವನನ್ನು ಗೋಡೆಗೆ ನಿಲ್ಲಿಸಿದವರ ಸಾಲಿನಲ್ಲಿ ನಾನೂ ಇದ್ದೆ.

ಏಕನಾಥ ಟೇಪನ್ನು ಕೊರಳಿಗೆ ಹಾಕಿಕೊಂಡು, ಬಳಸಿ ಹೋಗಿ, ಗೋಡೆಗೂ ಅವನಿಗೂ ನಡುವೆ ನಿಂತ.

"ಕೈ ಇಳಸ್ರಿ ಯಮನೂರಪ್ಪ," ಎಂದ. "ನಾ ಏನೂ ಹುಡುಕಾಕತ್ತಿಲ್ಲ. ಅಂಗಿ ಹೊಲ್ಯಾಕತ್ತೇನಿ."

ಅವನು ಕಣ್ಣು ಬಿಟ್ಟ. ಕೈಗಳು ಮೆಲ್ಲಗೆ ಅರ್ಧಕ್ಕೆ ಇಳಿದು ನಿಂತವು.

"ಹೊಳ್ಳಿ ನಿಂದರಲೇನ್ರಿ?" ಎಂದು ಕೇಳಿದ.

"ನಿಮಗ ಹ್ಯಾಂಗ ಬೇಕೋ ಹಂಗ ನಿಂದರ್ರಿ."

ಏನು ಮಾಡಬೇಕೆಂದು ತಿಳಿಯದೆ ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ. ಏಕನಾಥ ಕಾದ. ಆಮೇಲೆ ಯಮನೂರಪ್ಪ ಚಪ್ಪಲಿ ಕಳಚಿ ಬಾಗಿಲ ಹೊರಗಿಟ್ಟು, ತಿರುಗಿ ಬಂದು, ಕೈ ಕೆಳಗೆ ಬಿಟ್ಟು ಅವನ ಎದುರಿಗೆ ನಿಂತ.