ಅಂಕಪಟ್ಟಿಯ ಹಿಂಬದಿ

ವಿಶ್ವವಿದ್ಯಾಲಯದ ಕಚೇರಿಯ ಕಿಟಕಿಯಲ್ಲಿ ಕೊಟ್ಟ ಕಾಗದವನ್ನು ಜೊವೆಲಿನ್ ಜೀಪ್ನಿ ಬಸ್ಸಿನಲ್ಲಿ ಕೂತು ಎರಡು ಸಲ ಓದಿದಳು. ಏಳು ವರ್ಷದ ಹಿಂದೆ ಅಂತೀಕೆ ಪ್ರಾಂತ್ಯದ ಕಾಲೇಜಿನಲ್ಲಿ ಅವಳು ಮುಗಿಸಿ ಬಿಟ್ಟುಬಂದಿದ್ದ ಎರಡು ವರ್ಷದ ಓದಿನಲ್ಲಿ, ಇಲೊಯಿಲೊ ನಗರದ ಈ ವಿಶ್ವವಿದ್ಯಾಲಯ ಯಾವ ವಿಷಯಗಳನ್ನು ಸಿವಿಲ್ ಎಂಜಿನಿಯರಿಂಗ್ ಪದವಿಯ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದರ ಪಟ್ಟಿ ಅದು. ಹದಿನಾಲ್ಕರಲ್ಲಿ ಹನ್ನೆರಡಕ್ಕೆ ಒಪ್ಪಿಗೆ. ಕ್ಯಾಲ್ಕ್ಯುಲಸ್‌ನ ಎರಡು ಭಾಗಗಳ ಮುಂದೆ ಮಾತ್ರ ಕೆಂಪು ಶಾಯಿಯಲ್ಲಿ ‘ಇಲ್ಲ’.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಕ್ಯಾಲ್ಕ್ಯುಲಸ್‌ನಲ್ಲಿ ಅವಳದು ಒಂದೂಕಾಲು ಮತ್ತು ಒಂದೂವರೆ. ಆ ವರ್ಷ ತರಗತಿಯಲ್ಲಿ ಯಾರಿಗೂ ಅಷ್ಟು ಒಳ್ಳೆಯ ದರ್ಜೆ ಬಂದಿರಲಿಲ್ಲ.

ಆಮೇಲೆ ಹೊಳೆಯಿತು. ಹಳೆಯ ಕಾಲೇಜಿನಲ್ಲಿ ಒಂದು ಎಂದರೆ ಎಲ್ಲಕ್ಕಿಂತ ಮೇಲು. ಮೂರು ಎಂದರೆ ಹೇಗೋ ದಡ ಮುಟ್ಟಿದಂತೆ, ಅದರಾಚೆ ಬರೀ ನೀರು. ಇಲ್ಲಿ ಏಣಿ ತಲೆಕೆಳಗು. ನಾಲ್ಕು ತುದಿ, ಒಂದು ಬುಡ, ಎರಡಕ್ಕಿಂತ ಕಡಿಮೆಯಿದ್ದರೆ ಹೊರಗಿನಿಂದ ತಂದ ವಿಷಯ ನಡೆಯುವುದಿಲ್ಲ. ಯಾವ ಏಣಿ ಎಂದು ಹೇಳುವ ಕೋಷ್ಟಕ ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಜೊವೆಲಿನ್ ಕೊಟ್ಟ ನಕಲು ಮುಂಬದಿಯದು ಮಾತ್ರ. ಪರಿಶೀಲಿಸಿದವರು ಅವಳ ಅಂಕೆಗಳನ್ನು ತಮ್ಮ ಏಣಿಯ ಮೇಲಿಟ್ಟು ಓದಿದ್ದರು. ಉಳಿದವು ಹೆಚ್ಚುಕಡಿಮೆ ಎರಡು, ಎರಡೂಕಾಲು. ಯಾವ ಕಡೆಯಿಂದ ಹತ್ತಿದರೂ ದಾಟುವಂಥವು.

ಹಿಂಬದಿ ತೋರಿಸಿದರೆ ಮುಗಿಯಿತು ಎಂದುಕೊಂಡು ಜೀಪ್ನಿ ಇಳಿಯಲು ಎದ್ದವಳ ಕಣ್ಣಿಗೆ ಒಂಬತ್ತನೆಯ ಸಾಲು ಬಿತ್ತು. ಸ್ಟ್ಯಾಟಿಕ್ಸ್, ಮೂರು. ಒಪ್ಪಿಗೆ.

ಆ ಮೂರು ಅವಳು ಗಳಿಸಿದ್ದಲ್ಲ. ಎರಡನೆಯ ವರ್ಷದ ನವೆಂಬರಿನಲ್ಲಿ ಎದ್ದ ತೂಫಾನು ಕಾಲೇಜಿನ ಛಾವಣಿಯನ್ನು ಎತ್ತಿಕೊಂಡು ಹೋಗಿ ಭತ್ತದ ಗದ್ದೆಯಲ್ಲಿ ಹಾಕಿತ್ತು. ಏಳು ವಾರ ಪಾಠವಿಲ್ಲ. ಮನೆ ಕಳೆದುಕೊಂಡ ಮಕ್ಕಳನ್ನು ಫೇಲು ಮಾಡಲು ಮನಸ್ಸು ಬಾರದ ಮೇಷ್ಟ್ರು, ಮೂವತ್ತನಾಲ್ಕು ಜನಕ್ಕೂ ಸಾಲಾಗಿ ಮೂರು ಬರೆದು ಕೈಮುಗಿದಿದ್ದರು. ಅಲುಗದೆ ನಿಂತ ವಸ್ತುವಿನ ಮೇಲೆ ಯಾವ ಬಲ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವ ಆ ವಿಷಯದಲ್ಲಿ ಅವಳು ಕಲಿತದ್ದು ಮೊದಲ ಮೂರು ಅಧ್ಯಾಯ.

ಅಲ್ಲಿನ ಮೂರು ಎಂದರೆ ಇಲ್ಲಿನ ಒಂದು. ಹಿಂಬದಿ ತೋರಿಸಿದರೆ ಕ್ಯಾಲ್ಕ್ಯುಲಸ್ ಬರುತ್ತದೆ, ಸ್ಟ್ಯಾಟಿಕ್ಸ್ ಹೋಗುತ್ತದೆ. ಸ್ಟ್ಯಾಟಿಕ್ಸ್ ಇಲ್ಲದೆ ವಸ್ತುಬಲದ ತರಗತಿಗೆ ಸೇರಿಸುವುದಿಲ್ಲ, ಅದಿಲ್ಲದೆ ಕಟ್ಟಡ ವಿನ್ಯಾಸವಿಲ್ಲ. ಆಗಸ್ಟಿನಲ್ಲಿ ಮೂರನೆಯ ವರ್ಷಕ್ಕೆ ಕಾಲಿಡಬೇಕಾದವಳು ಮತ್ತೆ ಎರಡನೆಯದರಲ್ಲಿ ಕೂರಬೇಕು. ಅವಳಿಗಾಗಲೇ ಇಪ್ಪತ್ತೇಳು.

ಅವಳು ನಕ್ಷೆ ಬರೆಯುವ ಕೆಲಸಕ್ಕಿದ್ದದ್ದು ಛಾವಣಿಯ ಉಕ್ಕಿನ ಚೌಕಟ್ಟುಗಳನ್ನು ಮಾಡುವ ಕಾರ್ಖಾನೆಯಲ್ಲಿ. ಅಲ್ಲಿನ ಹಿರಿಯ ಬೆಸುಗೆಗಾರ ದಾದೊಯ್, ಎಲ್ಲರೂ ಅಣ್ಣ ಎನ್ನುವಂತೆ ನೊಂಗ್ ಎಂದು ಕರೆಯುತ್ತಿದ್ದವನು, ಊಟದ ಹೊತ್ತಿಗೆ ಸಂಗತಿಯೆಲ್ಲ ಕೇಳಿಸಿಕೊಂಡು, ಮೀನಿನ ಮುಳ್ಳು ಬಿಡಿಸುತ್ತಲೇ ತೀರ್ಪು ಕೊಟ್ಟ.

“ನೋಡು ಇಂದಾಯ್, ತಂಗೀ, ಇಲ್ಲ ಅಂದ ವಿಷಯಕ್ಕೆ ಪರೀಕ್ಷೆ ಕಟ್ಟೋಕೆ ಬಿಡ್ತಾರಲ್ಲ? ಕ್ಯಾಲ್ಕ್ಯುಲಸ್ ಕಟ್ಟು. ನಿದ್ದೇಲಿ ಬರೆದ್ರೂ ಪಾಸಾಗ್ತೀಯ. ಇನ್ನೊಂದು ತೆಪ್ಪಗೆ ಮಲಗಿದೆ, ಅದರ ಬಾಲ ಯಾಕೆ ತುಳೀತೀಯ?”

“ಅದು ನನ್ನದಲ್ಲ ನೊಂಗ್.”

“ತಪ್ಪು ಮಾಡಿದ್ದು ಅವರು. ನೀನೇನು ಕದ್ದ್ಯಾ?”

ಮಾತಿನಲ್ಲಿ ಹುರುಳಿತ್ತು. ಪರೀಕ್ಷೆಯ ಅರ್ಜಿಯನ್ನು ತುಂಬಿ ಅವಳು ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದಳು.

ಮೂರನೆಯ ದಿನ ಒಂದು ಬರಾಂಗಾಯ್ ಪಂಚಾಯಿತಿಯ ಬಾಸ್ಕೆಟ್‌ಬಾಲ್ ಅಂಗಳದ ಛಾವಣಿಯ ಕೆಲಸ ನಡೆದಿತ್ತು. ದಾದೊಯ್ ನಕ್ಷೆ ಹಿಡಿದು ಬಂದ. ಐವತ್ತು ಮಿಲಿಮೀಟರಿನ ಕಂಬಿ ಮುಗಿದಿತ್ತು. ಚೌಕಟ್ಟಿನ ಈ ಓರೆ ಕಂಬಿಯ ಜಾಗಕ್ಕೆ ನಲವತ್ತರದು ಹಾಕಿದರೆ ನಡೆದೀತೇ ಎಂದು ಕೇಳಿದ. ಇಂಥ ಪ್ರಶ್ನೆಗೆ ಅವಳು ಯಾವಾಗಲೂ ವಿನ್ಯಾಸ ಮಾಡಿದ ಎಂಜಿನಿಯರಿಗೆ ಫೋನ್ ಮಾಡುತ್ತಿದ್ದಳು. ಇವತ್ತು ಕೈ ಫೋನಿನ ಮೇಲಿಟ್ಟು ತಡೆದಳು. ತಾನೇ ಎಳೆದ ಗೆರೆ ಅದು. ಛಾವಣಿಯ ಭಾರಕ್ಕೆ ಆ ಕಂಬಿ ಹಿಗ್ಗುತ್ತದೆಯೋ, ಒತ್ತಡಕ್ಕೆ ಬಾಗುತ್ತದೆಯೋ ಅವಳಿಗೆ ಹೇಳಲಾಗಲಿಲ್ಲ.

“ಗೊತ್ತಿಲ್ಲ. ಎಂಜಿನಿಯರ್‌ನ ಕೇಳ್ತೀನಿ.”

“ಕೇಳು ಕೇಳು,” ಎಂದು ದಾದೊಯ್ ನಕ್ಕ. “ನೀನೇ ಎಂಜಿನಿಯರ್ ಆದ್ಮೇಲೆ ಯಾರಿಗೆ ಫೋನ್ ಮಾಡ್ತೀಯೋ, ಆ ನಂಬರ್ ನನಗೂ ಕೊಟ್ಟಿರು.”

ಅವನು ತಮಾಷೆಗೆ ಅಂದದ್ದು. ಜೊವೆಲಿನ್ ನಗಲಿಲ್ಲ.

ಮರುದಿನ ಬೆಳಿಗ್ಗೆ ಮೂಲ ಅಂಕಪಟ್ಟಿಯನ್ನೇ ಹಿಡಿದು ಕಿಟಕಿಗೆ ಹೋದಳು. ಒಳಗಿದ್ದ ಹುಡುಗಿ ಕ್ರಿಸ್ತೆಲ್ ಹಿಂಬದಿ ತಿರುಗಿಸಿದ್ದೇ ಕಿವಿಯವರೆಗೆ ಕೆಂಪಾದಳು. ಕ್ಯಾಲ್ಕ್ಯುಲಸ್ ಈಗಲೇ ತಿದ್ದುವುದಾಗಿ ಹೇಳಿ, ಎರಡೆರಡು ಸಲ ಕ್ಷಮೆ ಕೇಳಿದಳು.

“ಒಂಬತ್ತನೇ ಸಾಲೂ ನೋಡಿ,” ಎಂದಳು ಜೊವೆಲಿನ್.

ಕ್ರಿಸ್ತೆಲ್ ನೋಡಿದಳು. ಆಮೇಲೆ ಹಿಂದಿನ ಮೇಜಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ಅಕ್ಕನನ್ನು ಕರೆಯುವಂತೆ ಕರೆದು ದನಿ ತಗ್ಗಿಸಿದಳು. “ಮಾನಂಗ್, ಅದನ್ನ ಮುಟ್ಟಿದ್ರೆ ನಿಮಗೇ ಪೆಟ್ಟು. ನಾನು ಎರಡು ಮಾತ್ರ ತಿದ್ದಿ ಕಳಿಸ್ತೀನಿ. ಯಾರೂ ಕೇಳಲ್ಲ.”

“ಕೋಷ್ಟಕ ಒಂದೇ ಅಲ್ವಾ? ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಇರಲ್ಲ. ಮೂರು ಸಾಲನ್ನೂ ತಿದ್ದಿ.”

ಕೆಂಪು ಪೆನ್ನು ಒಂಬತ್ತನೆಯ ಸಾಲಿಗೆ ಬರುವವರೆಗೂ ಅವಳು ಕಿಟಕಿ ಬಿಡಲಿಲ್ಲ. ಚೀಲದಲ್ಲಿದ್ದ ಅರ್ಜಿಯಲ್ಲಿ ಕ್ಯಾಲ್ಕ್ಯುಲಸ್ ಹೊಡೆದುಹಾಕಿ ಸ್ಟ್ಯಾಟಿಕ್ಸ್ ಎಂದು ಬರೆದು, ಅಲ್ಲೇ ಕೊಟ್ಟಳು.

ಪರೀಕ್ಷೆಗೆ ಸಿಕ್ಕಿದ್ದು ಹನ್ನೆರಡು ದಿನ. ಕಾರ್ಖಾನೆಗೆ ಹೋಗುವ ಮೊದಲು ಎರಡು ಗಂಟೆ, ಊಟದ ಬಿಡುವಿನಲ್ಲಿ ಮುಕ್ಕಾಲು ಗಂಟೆ. ಚೌಕಟ್ಟುಗಳ ಅಧ್ಯಾಯ ಅವಳಿಗೆ ಬೇಗ ಒಲಿಯಿತು. ವರ್ಷಗಟ್ಟಲೆ ಕೈ ಬರೆದದ್ದನ್ನು ತಲೆ ಈಗ ಓದಿಕೊಳ್ಳುತ್ತಿತ್ತು. ಘರ್ಷಣೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ದಿನ ಮುಗಿದವು.

ವಿಭಾಗದ ಮುಖ್ಯಸ್ಥ ಎಂಜಿನಿಯರ್ ಪಲ್ಮಾರೆಸ್ ಉತ್ತರಪತ್ರಿಕೆಯನ್ನು ಅವಳೆದುರಿಗೇ ತಿದ್ದಿದರು. ಚೌಕಟ್ಟಿನ ಎರಡು ಲೆಕ್ಕಕ್ಕೂ ಪೂರ್ತಿ ಅಂಕ. ಘರ್ಷಣೆಯ ಲೆಕ್ಕದಲ್ಲಿ ಅವಳು ಬಲದ ದಿಕ್ಕು ತೋರಿಸುವ ಬಾಣದ ಗುರುತನ್ನು ತಿರುಗುಮುರುಗು ಹಾಕಿದ್ದಳು, ಅಲ್ಲಿಂದಾಚೆ ಎಲ್ಲ ಜಾರಿತ್ತು. ಕೂಡಿದಾಗ ಐವತ್ತೆಂಟು. ಬೇಕಾಗಿದ್ದದ್ದು ಅರವತ್ತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎರಡು ಅಂಕ. ಹುಡುಕಿದ್ರೆ ಎಲ್ಲೋ ಸಿಗುತ್ತೆ. ಆ ಕಿಟಕಿ ಹುಡುಗಿ ನನಗೆಲ್ಲಾ ಹೇಳಿದಾಳೆ. ಹುಡುಕು ಅಂತೀಯಾ?”

ಜೊವೆಲಿನ್ ಉತ್ತರಪತ್ರಿಕೆಯನ್ನು ತನ್ನ ಕಡೆಗೆ ಎಳೆದುಕೊಂಡು, ಬಾಣ ತಪ್ಪಿದ ಜಾಗವನ್ನು ತುಸು ಹೊತ್ತು ನೋಡಿದಳು. ಎಲ್ಲಿ ಎಡವಿದ್ದೇನೆಂದು ಕಾಣುತ್ತಿತ್ತು. ಯಾಕೆ ಎಂದು ಕಾಣುತ್ತಿರಲಿಲ್ಲ.

“ಸ್ಟ್ಯಾಟಿಕ್ಸ್ ಕ್ಲಾಸ್ ಯಾವ ಹೊತ್ತಿಗಿದೆ, ಎಂಜಿನಿಯರ್?”

“ಬೆಳಿಗ್ಗೆ ಏಳೂವರೆ. ನಾನೇ ತಗೊಳ್ಳೋದು. ಎಲ್ಲ ಹತ್ತೊಂಬತ್ತರ ಮಕ್ಕಳು. ಒಂದು ವರ್ಷ ಹೋಗುತ್ತೆ ನಿಂಗೆ.”

“ಬರ್ತೀನಿ,” ಎಂದಳು. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಯಜಮಾನರ ಹತ್ತಿರ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಳು.

ಆಗಸ್ಟಿನ ಮೊದಲ ಸೋಮವಾರ ಅವಳು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಲವತ್ತು ಜನ ಕುರ್ಚಿ ಸರಿಸಿ ಎದ್ದು ನಿಂತು ರಾಗವಾಗಿ “ಗುಡ್ ಮಾರ್ನಿಂಗ್, ಮ್ಯಾಮ್” ಎಂದರು. ಜೊವೆಲಿನ್ ಒಮ್ಮೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ಕೂತ್ಕೊಳ್ಳಿ. ನಾನೂ ಕಲಿಯೋಕೆ ಬಂದವಳೇ,” ಎಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿದಳು.

ನಗು ತಣ್ಣಗಾದ ಮೇಲೆ ಪಕ್ಕದ ಹುಡುಗಿ ಬಗ್ಗಿ, ನೀವು ಹೋಮ್‌ವರ್ಕ್ ಮಾಡಿದರೆ ನಕಲು ಮಾಡಿಕೊಳ್ಳಲು ನಮಗೂ ಕೊಡುತ್ತೀರಾ ಮಾನಂಗ್ ಎಂದು ಕೇಳಿದಳು.

“ಮೊದಲು ನೀನು ಮಾಡು. ನಿನ್ನದರಲ್ಲಿ ತಪ್ಪು ನಾನು ಹುಡುಕ್ತೀನಿ, ನನ್ನದರಲ್ಲಿ ನೀನು ಹುಡುಕು.”

ಹುಡುಗಿ ಯೋಚಿಸಿ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಲ್ಮಾರೆಸ್ ಒಳಗೆ ಬಂದು ಹಲಗೆ ಒರೆಸತೊಡಗಿದರು.