ಎರಡು ಬೆರಳು ಕಡಿಮೆ

ಗ್ಲಾಸಿನ ನೀರು ಅಂಚಿಗಿಂತ ಎರಡು ಬೆರಳು ಕೆಳಗಿನ ತನಕ ಏರಿದ ಕೂಡಲೇ ಬಟ್ಲರನ ಕೈ ತಾನಾಗಿಯೇ ನಿಂತುಬಿಟ್ಟಿತು.

"ಇನ್ನೂ ಸುರಿ," ಎಂದು ತನ್ನ ಕೈಯನ್ನು ತಾನೇ ಗದರಿಕೊಂಡು ಅವನು ಹೂಜಿಯನ್ನು ಮತ್ತೆ ಬಗ್ಗಿಸಿದ. ನೀರು ಗ್ಲಾಸಿನ ಅಂಚಿಗೆ ಬಂತು, ಅಂಚನ್ನೂ ಮೀರಿ ಕೂದಲೆಳೆಯಷ್ಟು ಉಬ್ಬಿ ನಿಂತಿತು. ಸೇರಿದ ಮೊದಲ ವರ್ಷ ಬಿಟ್ಟರೆ, ಇಷ್ಟು ವರ್ಷದ ಚಾಕರಿಯಲ್ಲಿ ಇಷ್ಟು ತುಂಬಿದ ಗ್ಲಾಸನ್ನು ಅವನು ದೊಡ್ಡ ಸಾಹೇಬರ ಮೇಜಿನ ಮೇಲೆ ಇಟ್ಟದ್ದೇ ಇಲ್ಲ. ಗಾಡಿ ಇನ್ನೂ ಹೊರಟಿರಲಿಲ್ಲ.

ರೈಲ್ವೆಯ ದೊಡ್ಡ ಸಾಹೇಬರ ಸಲೂನೆಂದರೆ ರೈಲುಗಾಡಿಯ ಕೊನೆಯ ಡಬ್ಬಿ. ಹೊರಗಿನವರು ಸಲೂನೆಂದ ಕೂಡಲೇ ಕ್ಷೌರದಂಗಡಿ ಎಂದುಕೊಳ್ಳುವುದುಂಟು. ಇಲ್ಲೂ ತಲೆ ಬೋಳಿಸುತ್ತಾರೆ, ಕತ್ತರಿ ಮಾತ್ರ ಕಾಣಿಸುವುದಿಲ್ಲ ಎಂದು ಲೈನಿನ ಜನ ನಗುತ್ತಿದ್ದರು. ಮಲಗುವ ಕೋಣೆ, ಸ್ನಾನದ ಮನೆ, ಊಟದ ಮೇಜು, ಉದ್ದಕ್ಕೂ ಕೆಂಪು ಕಾರ್ಪೆಟ್ಟು, ಒಂದು ತುದಿಯಲ್ಲಿ ಬಟ್ಲರನ ಇಕ್ಕಟ್ಟಾದ ಅಡುಗೆಮನೆ. ಇನ್ನೊಂದು ತುದಿಯಲ್ಲಿ ಗೋಡೆಯಗಲದ ಗಾಜಿನ ಕಿಟಕಿ, ಅದರಾಚೆ ಕಂಬಿ ಹಾಕಿದ ಪುಟ್ಟ ಜಗಲಿ. ಕಿಟಕಿಗೆ ಮುಖ ಮಾಡಿದ ಸಾಹೇಬರ ಕುರ್ಚಿಯಲ್ಲಿ ಕೂತರೆ ದಾಟಿಬಂದ ಹಳಿಯೆಲ್ಲ ಹಿಂದಕ್ಕೆ ಓಡುವುದು ಕಾಣುತ್ತದೆ. ಕುರ್ಚಿಯ ಪಕ್ಕದ ದುಂಡು ಮೇಜಿನ ಮೇಲೆ, ಬಿಳಿ ಬಟ್ಟೆಯ ನಡುವೆ, ಒಂದು ಗ್ಲಾಸು ನೀರು.

ಆ ನೀರು ಕುಡಿಯುವುದಕ್ಕಲ್ಲ. ಸಾಹೇಬರು ಲೈನು ನೋಡಲು ಹೊರಟಾಗ ಅದು ತುಳುಕಿತೆಂದರೆ ಅಲ್ಲಿ ಹಳಿ ಕೆಟ್ಟಿದೆ ಎಂದು ಲೆಕ್ಕ. ಹಿಂದಿನ ಸಾಹೇಬರೂ ಹೀಗೇ ಮಾಡುತ್ತಿದ್ದರು, ಅವರ ಹಿಂದಿನವರೂ. ಬಟ್ಲರ್ ಹೊಸದಾಗಿ ಸೇರಿದ ವರ್ಷ ಒಂದು ಕಡೆ ನೀರು ಬಟ್ಟೆಯ ಮೇಲೆ ಚೆಲ್ಲಿತು. ಆ ಜಾಗದ ಮುದುಕ ಮೇಸ್ತ್ರಿಯನ್ನು ಕರೆಸಿ, ಎಲ್ಲರೆದುರು ಬೈದು, ಕೆಲಸದಿಂದ ತೆಗೆದರು. ಮುದುಕ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಮರುವರ್ಷದಿಂದ ಬಟ್ಲರ್ ಎರಡು ಬೆರಳು ಕಡಿಮೆ ತುಂಬಿಸತೊಡಗಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನೂ ಯಾರಿಗೂ ಹೇಳಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ; ಈ ಸಲೂನಿನಲ್ಲಿ ತುಳುಕದೇ ಇದ್ದದ್ದು ತುಂಬದ ಗ್ಲಾಸು. ಲೈನಿನುದ್ದಕ್ಕೂ ಎಷ್ಟೋ ಮನೆಯ ಒಲೆ ತನ್ನ ಎರಡು ಬೆರಳಿನಿಂದ ಉರಿಯುತ್ತಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಹೆಮ್ಮೆ ಹೋದ ವಾರ ಮಣ್ಣುಪಾಲಾಯಿತು.

ಅವನ ಹೆಂಡತಿಯ ತಮ್ಮ ಸೇತುವೆಯಾಚೆಯ ತಿರುವಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿ. ರಜೆಯ ದಿನ ಅಕ್ಕನ ಮನೆಗೆ ಬಂದವನು ಹೊಸ್ತಿಲಲ್ಲೇ ಕೂತ.

"ಒಳಗೆ ಬಾರೋ," ಅಂದಳು ಅಕ್ಕ.

"ಇರ್ಲಿ ಅಕ್ಕ, ಕಾಲೆಲ್ಲಾ ಮಣ್ಣು." ಅವನು ಬಟ್ಲರನ ಕಡೆ ತಿರುಗಿದ. "ಭಾವ, ನಮ್ ತಿರುವಲ್ಲಿ ಹಳಿ ದಿನಾ ಕುಸೀತಿದೆ. ಬೆಳಿಗ್ಗೆ ಹಾರೆ ಹಾಕಿ ಎತ್ತಿದ್ರೆ ಸಂಜೆಗೆ ಮತ್ತೆ ಕೂತಿರುತ್ತೆ. ಜಲ್ಲಿ ಕೊಡಿ, ಜಲ್ಲಿ ಕೊಡಿ ಅಂತ ಬಾಯಿ ಬಡ್ಕೊಂಡಿದ್ದೇ ಬಂತು. ಮೇಲಿಂದ ಏನ್ ಉತ್ತರ ಬಂತು ಗೊತ್ತಾ? ಸಾಹೇಬರ ಗ್ಲಾಸಲ್ಲಿ ಒಂದು ಹನಿನೂ ತುಳುಕಿಲ್ಲ, ಅಂಥಾ ಲೈನಿಗೆ ಜಲ್ಲಿ ಯಾಕೆ ಅಂತ. ಜಲ್ಲಿ ಮನೆ ಹಾಳಾಗ್ಲಿ, ಇಷ್ಟು ಚೆನ್ನಾಗಿರೋ ಲೈನಿಗೆ ಇಷ್ಟು ಜನ ಯಾಕೆ, ಅರ್ಧ ಗ್ಯಾಂಗು ಸಾಕು ಅಂತಿದ್ದಾರೆ. ಈ ಸಲ ನೋಡ್ಕೊಂಡು ಹೋಗಿ ಅರ್ಧ ಜನರನ್ನ ತೆಗೀತಾರಂತೆ. ಉಳಿದೋರ ಕೈಲಿ ಆ ತಿರುವು ಎತ್ತೋಕಾಗುತ್ತಾ? ಒಂದಿನ ಜನ ತುಂಬಿರೋ ಗಾಡಿ ಮಗುಚಿ ಬೀಳುತ್ತೆ. ಆಗ ಎಲ್ರೂ ನನ್ ಕುತ್ತಿಗೆ ಹಿಡೀತಾರೆ."

ಬಟ್ಲರ್ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕಿಟ್ಟು ಎರಡು ಬೆರಳಿನ ಗುಟ್ಟನ್ನೆಲ್ಲ ಹೇಳಿಬಿಟ್ಟ. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಲ್ಲೇ ನಿಂತಳು.

"ನಿಮ್ ಪುಣ್ಯ ಸಂಪಾದನೆಗೆ ನನ್ ತಮ್ಮನೇ ಸಿಕ್ಕಿದ್ನಾ?"

"ನನಗೇನು ಕನಸು ಬಿದ್ದಿತ್ತಾ?"

"ಬೈಬೇಡ ಬಿಡಕ್ಕ," ಅಂದ ತಮ್ಮ. ಕಾಲಿನ ಮಣ್ಣು ಕೆರೆಯುತ್ತಿದ್ದವನು ತಲೆಯೆತ್ತಿದ. "ಈ ಸಲ ತುಂಬ್ಸಿಬಿಡಿ ಭಾವ. ಕಂಠಪೂರ್ತಿ."

"ತುಳುಕಿದ್ರೆ ನಿನ್ನನ್ನೇ ಹಿಡ್ಕೋತಾರಲ್ಲೋ."

"ಹಿಡ್ಕೊಳ್ಳಿ. ಬೈದ್ರೆ ಬೈಸ್ಕೋತೀನಿ, ಜಲ್ಲಿ ಕೇಳಿ ಬರೆದಿದ್ದನ್ನೆಲ್ಲ ಮುಖದ ಮುಂದೆ ಹಿಡೀತೀನಿ. ತುಳುಕದೇ ಇದ್ರೆ ನನ್ ಮಾತನ್ನ ಯಾರು ಕೇಳ್ತಾರೆ?"

ಹಾಗಾಗಿ ಇವತ್ತು ಗ್ಲಾಸು ತುಂಬಿತ್ತು. ಬೆಳಿಗ್ಗೆಯಿಂದ ಬಟ್ಲರನ ತಲೆಯಲ್ಲಿ ಅದೊಂದೇ. ಎಂದಿನ ರೂಢಿಯಂತೆ ಇಂಜಿನಿನ ತನಕ ನಡೆದು ಡ್ರೈವರಿಗೆ ಚಹಾ ಕೊಟ್ಟು ಬಂದದ್ದೂ ಅವನಿಗೆ ಸರಿಯಾಗಿ ನೆನಪಿಲ್ಲ. ಡ್ರೈವರನನ್ನು ಎಲ್ಲರೂ ಬೆಣ್ಣೆ ಎನ್ನುತ್ತಿದ್ದರು. ಅವನು ಗಾಡಿ ನಿಲ್ಲಿಸಿದರೆ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. "ಏನು ಮುಖ ಸಪ್ಪಗಿದೆ? ನಾನಿದ್ದೀನಲ್ಲ, ಯೋಚ್ನೆ ಬಿಡಿ," ಎಂದು ಬೆಣ್ಣೆ ನಕ್ಕಿದ್ದ. ಬಟ್ಲರ್ ತಲೆಯಾಡಿಸಿ ಬಂದಿದ್ದ.

ಗಾಡಿ ಹೊರಟಿತು. ಸಾಹೇಬರು ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಎದುರಿಗೆ ಅವರ ಕಾರ್ಯದರ್ಶಿ, ತೊಡೆಯ ಮೇಲೆ ಕಾಗದದ ಕಟ್ಟು. ಬಟ್ಲರ್ ತೋಳಿನ ಮೇಲೆ ಬಿಳಿ ಟವಲು ಹಾಕಿಕೊಂಡು ಮೇಜಿನ ಪಕ್ಕ ನಿಂತ. ದಾರಿಯ ಸ್ಟೇಷನ್ನುಗಳೆಲ್ಲ ಸುಣ್ಣ ಬಳಿದುಕೊಂಡು ಮದುಮಗಳ ಹಾಗೆ ನಿಂತಿದ್ದವು. ನೇರವಾದ ಹಳಿಯ ಮೇಲೆ ನೀರು ನಡುಗಿತು, ಚೆಲ್ಲಲಿಲ್ಲ. ಪರವಾಗಿಲ್ಲ, ಇಲ್ಲಿ ಚೆಲ್ಲುವುದು ಬೇಡ, ತಿರುವು ಬರಲಿ ಎಂದುಕೊಂಡ.

ಸೇತುವೆ ಬಂತು. ಕಬ್ಬಿಣದ ಸದ್ದು ಮುಗಿಯಿತು. ಬಟ್ಲರ್ ಗ್ಲಾಸಿನ ಅಂಚಿನ ಮೇಲೆ ಕಣ್ಣಿಟ್ಟ.

ಗಾಡಿ ನಿಧಾನವಾಯಿತು.

ಬ್ರೇಕು ಹಾಕಿದ್ದು ಯಾರಿಗೂ ತಿಳಿಯದ ಹಾಗೆ, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ಬಟ್ಲರನಿಗೆ ಆಗ ಹೊಳೆಯಿತು, ಹೊಳೆದು ಮೈಯೆಲ್ಲ ಉರಿಯಿತು. ಸಾಹೇಬರಿಗೆ ಸೂಪು ಬಡಿಸುವ ಹೊತ್ತಿಗೆ ಸರಿಯಾಗಿ ಈ ತಿರುವು ಬರುತ್ತದೆ, ಇಲ್ಲಿ ಸ್ವಲ್ಪ ಮೆಲ್ಲಗೆ ಹೋಗಪ್ಪಾ ಎಂದು ಬೆಣ್ಣೆಯನ್ನು ಹಿಂದೊಮ್ಮೆ ಕೇಳಿಕೊಂಡವನು ತಾನೇ. ಅದಕ್ಕೆ ಪ್ರತಿಯಾಗಿ ಪ್ರತಿಸಲ ಇಂಜಿನಿಗೆ ಚಹಾ ಹೊತ್ತವನೂ ತಾನೇ. ಗ್ಲಾಸನ್ನು ತುಂಬಿಸಬೇಕೆಂದು ವಾರವಿಡೀ ಜಪ ಮಾಡಿದವನಿಗೆ, ಇವತ್ತು ಮಾತ್ರ ನಿಧಾನ ಮಾಡಬೇಡ ಎಂದು ಒಂದು ಮಾತು ಹೇಳಲು ನೆನಪಾಗಲಿಲ್ಲ. ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ನೀರು ಒಂದು ಬದಿಗೆ ವಾಲಿತು. ಅಂಚಿನಲ್ಲಿ ಉಬ್ಬಿ, ಇನ್ನೇನು ಇಳಿಯಬೇಕು ಎನ್ನುವಷ್ಟರಲ್ಲಿ ಹಿಂದೆ ಸರಿಯಿತು. 'ಚೆಲ್ಲು, ಚೆಲ್ಲಿ ಸಾಯಿ,' ಎಂದು ಬಟ್ಲರ್ ಮನಸ್ಸಿನಲ್ಲೇ ಬೈದ. ಟವಲಿನ ಮರೆಯಲ್ಲಿ ಮೊಣಕಾಲಿನಿಂದ ಮೇಜಿನ ಕಾಲನ್ನು ಒತ್ತಿದ. ಮೇಜು ಅಲುಗಲಿಲ್ಲ, ಅದನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು, ಆ ಬೋಲ್ಟುಗಳಿಗೆ ಎಣ್ಣೆ ಹಚ್ಚುತ್ತಿದ್ದವನೂ ಇವನೇ. ಜೋರಾಗಿ ಒತ್ತಿದ. ಮೊಣಕಾಲು ನೊಂದಿತು, ಅಷ್ಟೇ.

ಕಿಟಕಿಯಾಚೆ ಗ್ಯಾಂಗಿನವರು ಹಾರೆ, ಗುದ್ದಲಿಗಳನ್ನು ನೆಲಕ್ಕೆ ಊರಿ ಸಾಲಾಗಿ ನಿಂತಿದ್ದರು. ತುದಿಯಲ್ಲಿ ಭಾವಮೈದ, ಒಗೆದ ಅಂಗಿ ತೊಟ್ಟು, ಜಲ್ಲಿ ಕೇಳಿ ಬರೆದ ಕಾಗದಗಳಿದ್ದ ಎದೆಯ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ. ಸಾಹೇಬರು ಅವರನ್ನು ನೋಡಲಿಲ್ಲ. ಗ್ಲಾಸನ್ನು ನೋಡುತ್ತಿದ್ದರು.

"ನೋಡಿದ್ರಾ?" ಎಂದರು ಕಾರ್ಯದರ್ಶಿಗೆ. "ಇವರು ಜಲ್ಲಿ ಕೇಳ್ತಾರೆ! ಅರ್ಧ ಗ್ಯಾಂಗು ಧಾರಾಳವಾಗಿ ಸಾಕು. ಬರ್ಕೊಳ್ಳಿ."

"ಸಾರ್," ಅಂದ ಬಟ್ಲರ್. ತನ್ನ ದನಿ ಕೇಳಿ ಅವನಿಗೇ ಗಾಬರಿಯಾಯಿತು. ಸಲೂನಿನಲ್ಲಿ ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದನೇ ಹೊರತು ತಾನಾಗಿ ಬಾಯಿ ತೆರೆದವನಲ್ಲ. "ಸಾರ್, ಆ ಗ್ಲಾಸನ್ನ ನಂಬಬೇಡಿ. ಇಷ್ಟು ವರ್ಷ ನಾನು ಎರಡು ಬೆರಳು ಕಮ್ಮಿ ತುಂಬಿಸ್ತಿದ್ದೆ. ತಪ್ಪಾಯ್ತು. ಹಳಿ ಎಲ್ಲಿ ಕೆಟ್ಟಿದ್ರೂ ಅದು ತುಳುಕ್ತಿರಲಿಲ್ಲ."

ಕಾರ್ಯದರ್ಶಿಯ ಪೆನ್ನು ನಿಂತಿತು. ಸಾಹೇಬರು ಬಟ್ಲರನನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಗ್ಲಾಸಿನ ಕಡೆ ಬಗ್ಗಿದರು.

"ಇವತ್ತು ತುಂಬಿದೆಯಲ್ಲ?"

"ಇವತ್ತು ತುಂಬಿಸಿದ್ದೀನಿ ಸಾರ್."

"ತುಳುಕಿತಾ?"

"ಇಲ್ಲ ಸಾರ್."

"ಮತ್ತೆ?" ಸಾಹೇಬರು ತೊಡೆ ತಟ್ಟಿ ನಕ್ಕರು. "ಕೇಳಿದ್ರಾ ಇವನ ಮಾತು? ಕಮ್ಮಿ ತುಂಬಿಸಿದಾಗಲೂ ತುಳುಕಲಿಲ್ಲ, ಪೂರ್ತಿ ತುಂಬಿಸಿದಾಗಲೂ ತುಳುಕಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ? ಇದನ್ನೂ ಬರ್ಕೊಳ್ಳಿ."

ಗಾಡಿ ನಿಧಾನ ಮಾಡಿದ್ದಾರೆ ಸಾರ್ ಎಂಬ ಮಾತು ಬಟ್ಲರನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ನಿಧಾನ ಮಾಡಿದ್ದು ಯಾರು, ಯಾರ ಮಾತಿನ ಮೇಲೆ ಎಂಬ ಪ್ರಶ್ನೆ ಬರುತ್ತದೆ. ತನ್ನ ಕೆಲಸ ಹೋಗುವುದು ಇರಲಿ, ಬೆಳಿಗ್ಗೆ ಚಹಾ ಕುಡಿದು ನಕ್ಕವನನ್ನು ಮಧ್ಯಾಹ್ನ ಹಿಡಿದುಕೊಟ್ಟ ಹಾಗಾಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾಲಿಗೆ ಕಚ್ಚಿಕೊಂಡು ನಿಂತ. ಕಣ್ಣಲ್ಲಿ ಸಿಟ್ಟಿಗೇ ನೀರು ಬಂತು.

"ಗಾಡಿ ನಿಲ್ಲಿಸಿ," ಎಂದರು ಸಾಹೇಬರು, ಖುಷಿಯಲ್ಲಿ. "ಆ ಮೇಸ್ತ್ರಿಗೆ ನಾನೇ ಶಹಬ್ಬಾಸ್ ಹೇಳ್ತೀನಿ."

ಕಾರ್ಯದರ್ಶಿ ಎದ್ದು ಗೋಡೆಯ ಗುಂಡಿ ಒತ್ತಿದ. ಮುಂದೆ ಇಂಜಿನಿನಲ್ಲಿ ಗಂಟೆ ಹೊಡೆಯಿತು. ಬೆಣ್ಣೆ ಗಾಡಿಯನ್ನು ಎಂಥ ಹದದಲ್ಲಿ ನಿಲ್ಲಿಸಿದನೆಂದರೆ, ಆಗಲೂ ಒಂದು ಹನಿ ಚೆಲ್ಲಲಿಲ್ಲ.

ಮೇಸ್ತ್ರಿ ಹಳಿಗುಂಟ ಓಡಿಬಂದ. ಸಾಹೇಬರು ಜಗಲಿಯ ಕಂಬಿ ಹಿಡಿದು ಬಗ್ಗಿ ಅವನ ಹೆಗಲು ತಟ್ಟಿದರು.

"ಶಹಬ್ಬಾಸ್! ಗ್ಲಾಸಿನ ತುಂಬ ನೀರು, ಒಂದು ಹನಿ ಆಚೆ ಬಂದಿಲ್ಲ. ಅರ್ಧ ಜನರಲ್ಲೂ ನೀನು ಇದನ್ನ ಹೀಗೇ ಇಟ್ಕೋತೀಯ, ನನಗೆ ನಂಬಿಕೆ ಇದೆ."

"ಸಾರ್, ಜಲ್ಲಿ..."

"ಇಷ್ಟು ಚೆನ್ನಾಗಿರೋದನ್ನ ಮುಟ್ಟಿ ಕೆಡಿಸೋದ್ಯಾಕೆ?"

ಮೇಸ್ತ್ರಿಯ ಕೈ ಜೇಬಿನ ಮೇಲೆಯೇ ಉಳಿಯಿತು. ಅವನು ಸಾಹೇಬರ ಹೆಗಲಿನಾಚೆ, ಗಾಜಿನ ಒಳಗೆ ನಿಂತ ಭಾವನನ್ನು ನೋಡಿದ. ತುಂಬಿಸಲಿಲ್ಲವಾ ಎಂದು ಕೇಳುವ ನೋಟ. ಬಟ್ಲರ್ ಮೇಜಿನ ಕಡೆ ಕೈ ತೋರಿಸಲು ಹೋಗಿ, ಅದರಿಂದ ಏನು ಹೇಳಿದ ಹಾಗಾಗುತ್ತದೋ ತಿಳಿಯದೆ ಕೈ ಇಳಿಸಿದ. ಮೇಸ್ತ್ರಿ ಸಾಹೇಬರಿಗೆ ಸಲಾಮು ಹಾಕಿ, ತನ್ನ ಜನ ನಿಂತಿದ್ದ ಕಡೆಗೆ ನಡೆದ. ಈ ಸಲ ಓಡಲಿಲ್ಲ.

"ಇನ್ನು ಗ್ಲಾಸು ಬೇಡ, ತೆಗಿ," ಎಂದರು ಸಾಹೇಬರು ಒಳಗೆ ಬಂದು. "ಸೂಪು ತಾ."

ಬಟ್ಲರ್ ಗ್ಲಾಸನ್ನು ಎತ್ತಿಕೊಂಡು ಕೆಂಪು ಕಾರ್ಪೆಟ್ಟಿನ ಉದ್ದಕ್ಕೂ ನಡೆದ. ಗಾಡಿ ಕಲ್ಲಿನ ಹಾಗೆ ನಿಂತಿತ್ತು. ಮೊದಲ ಹೆಜ್ಜೆಗೇ ನೀರು ಹೆಬ್ಬೆರಳ ಮೇಲೆ ಇಳಿಯಿತು. ಊಟದ ಮೇಜಿನ ಹತ್ತಿರ ಮಣಿಕಟ್ಟಿಗೆ, ಮಲಗುವ ಕೋಣೆಯ ಬಾಗಿಲ ಮುಂದೆ ತೋಳಿನೊಳಕ್ಕೆ. ಎರಡೂ ಕೈಯಲ್ಲಿ ಹಿಡಿದರೂ ಕೈ ನಿಲ್ಲಲಿಲ್ಲ.

"ಕಾರ್ಪೆಟ್ಟು, ಹುಷಾರು," ಎಂದ ಕಾರ್ಯದರ್ಶಿ ಹಿಂದಿನಿಂದ.

ಅಡುಗೆಮನೆಯ ಹಲಗೆಯ ಮೇಲೆ ಗ್ಲಾಸನ್ನು ಇಟ್ಟಾಗ, ನೀರು ಅಂಚಿನಿಂದ ಎರಡು ಬೆರಳು ಕೆಳಗಿತ್ತು.